ಕೂತರೆ ರಕ್ತ ಇಳಿದುಹೋಗುತ್ತದೆಯೇ?

ಕಳೆದ ವರ್ಷ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹೊಡೆಸುತ್ತಿದ್ದ ಸಮಯ. ಮಲ್ಲಂದೂರು ಕಡೆಯ ಎಸ್ಟೇಟೊಂದರಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ವಯಸ್ಸು ಐವತ್ತೆರಡು, ಚಿಂತೆ ಮಾಡುವುದರಲ್ಲಿ ಎಂಬತ್ತು. ಬಿಪಿ ತೋರಿಸಲು ಚಿಕ್ಕಮಗಳೂರಿಗೆ ಹೋದಾಗ ಡಾಕ್ಟರಮ್ಮ ಹೃದಯದ ಎಕೋ ಸ್ಕ್ಯಾನ್ ಮಾಡಿಸಿ, "ಹೃದಯದ ಒಂದು ವಾಲ್ವ್ ಸ್ವಲ್ಪ ಲೀಕ್ ಇದೆ. ಗಾಬರಿ ಬೇಡ, ಮುಂದಿನ ವಾರ ವಿವರವಾಗಿ ಮಾತಾಡೋಣ" ಎಂದರು. ಯಾರಾದರೂ ಗಾಬರಿ ಬೇಡ ಎಂದರೇ ನನಗೆ ಗಾಬರಿ.

ವಾಲ್ವ್ ಸೋರುವುದೆಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಕೆರೆ ಪಂಪಿನ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಫುಟ್‌ವಾಲ್ವ್ ಆಗಲೇ ಸೋರುತ್ತಿತ್ತು. ಪಂಪು ಓಡುವಷ್ಟು ಹೊತ್ತು ತೊಂದರೆಯಿಲ್ಲ. ನಿಂತಿತೋ, ಪೈಪಿನ ನೀರೆಲ್ಲ ವಾಪಸ್ ಕೆರೆಗೆ. ಮೆಕ್ಯಾನಿಕ್ ಬಶೀರ್ ಸಾಹೇಬರು, "ಹೊಸ ವಾಶರ್ ಬರೋ ತನಕ ನಿಲ್ಲಿಸ್ಬೇಡಿ ಮಾರಾಯ್ರೆ" ಎಂದಿದ್ದರು.

ನಾನೂ ನಿಲ್ಲಿಸಲಿಲ್ಲ. ವಾರವಿಡೀ ಕೂರಲೇ ಇಲ್ಲ. ನಿಂತೇ ತಿಂಡಿ, ನಡೆಯುತ್ತಲೇ ಹಾಜರಿ.

"ಏನ್ರೀ ಇದು, ಇರುವೆ ಗೂಡು ಮೆಟ್ಟಿದೋರ ಥರ?" ಎಂದಳು ಹೆಂಡತಿ ಗಿರಿಜಾ.

"ಕೂತ್ರೆ ರಕ್ತ ಇಳಿದುಹೋಗತ್ತೆ ಕಣೇ."

ಅವಳು ನಗಲಿಲ್ಲ. ಮುಂದಿನ ವಾರ ಜೊತೆಗೇ ಬಂದು ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟಳು.

"ಪಂಪಿಗಾದ್ರೆ ಸ್ವಿಚ್ ಇರತ್ತೆ. ನೀವು ಕೂತ್ರೂ ಮಲಗಿದ್ರೂ ಇದು ಓಡ್ತಾನೇ ಇರತ್ತಲ್ಲ" ಎಂದರು ಡಾಕ್ಟರಮ್ಮ. ಸ್ಟೆತಸ್ಕೋಪನ್ನು ನನ್ನ ಕಿವಿಗೆ ಸಿಕ್ಕಿಸಿ, ತುದಿಯನ್ನು ನನ್ನದೇ ಎದೆಗೆ ಒತ್ತಿದರು. ಲಬ್, ಸಣ್ಣದೊಂದು ಸ್ಸ್, ಆಮೇಲೆ ಡಬ್. "ಆ ಸ್ಸ್ ಇದ್ಯಲ್ಲ, ಅದು ಪ್ರತಿ ಬಡಿತಕ್ಕೂ ಹಿಂದಕ್ಕೆ ಹೋಗೋ ಚೂರು ರಕ್ತ."

ಹೆದರುವುದೇ ಮರೆತುಹೋಯಿತು. ಇನ್ನೊಮ್ಮೆ ಕೇಳಿದೆ, ಮತ್ತೊಮ್ಮೆ ಕೇಳಿದೆ.

"ವಾಶರ್ ಬದಲಾಯಿಸ್ಬೇಕಾ ಮೇಡಂ?"

"ಈಗ ಬೇಡ. ಬಿಪಿ ಮಾತ್ರೆ ತಪ್ಪಿಸ್ಬೇಡಿ, ಉಪ್ಪು ಕಮ್ಮಿ ಮಾಡಿ, ವರ್ಷಕ್ಕೊಂದು ಎಕೋ. ಏದುಸಿರು ಬಂದ್ರೆ, ಕಾಲು ಊದಿದ್ರೆ, ಎದೆ ವಿಪರೀತ ಹೊಡ್ಕೊಂಡ್ರೆ ಮಾತ್ರ ಕಾಯ್ಬೇಡಿ, ತಕ್ಷಣ ಬನ್ನಿ."

ಗಿರಿಜಾ, "ನಂಗೂ ಕೊಡಿ" ಎಂದು ಸ್ಟೆತಸ್ಕೋಪು ತೆಗೆದುಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ ಹೇಳಿದಳು: "ಥೇಟ್ ನಿಮ್ಮ ಹಾಗೇ. ಕೆಲ್ಸ ಮಾಡತ್ತೆ, ಗೊಣಗ್ತಾ ಮಾಡತ್ತೆ."

ಡಾಕ್ಟರಮ್ಮ ನಕ್ಕರು. ನಾನೂ ನಗಬೇಕಿತ್ತು. ಆದರೆ ಅವಳು ಸ್ಟೆತಸ್ಕೋಪು ವಾಪಸ್ ಕೊಡದೆ, "ರಾತ್ರಿ ಮಲಗಿದಾಗ್ಲೂ ನಿಲ್ಲಲ್ಲ ಅಲ್ವಾ ಮೇಡಂ?" ಎಂದು ಮತ್ತೆ ಮತ್ತೆ ಕೇಳಿದಳು. ಆ ವಾರ ಹೆದರಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ.

ಪಂಪಿಗೆ ಹೊಸ ವಾಶರ್ ಬಂತು. ನನ್ನ ವಾಲ್ವ್ ಹಳೆಯದೇ. ಈ ವರ್ಷದ ಎಕೋದಲ್ಲೂ ಸೋರಿಕೆ ಅಷ್ಟೇ ಇದೆ. ಈಗ ಗಿರಿಜಾ ಕಾಫಿ ತರುವ ಸದ್ದು ಕೇಳಿದರೆ ಸಾಕು, ಅವಳು ಹೇಳುವ ಮೊದಲೇ ಕೂತಿರುತ್ತೇನೆ.