ಸನ್ಮಾನದ ಶಾಲಿಗೊಂದು ಕೆಲಸ

ಸನ್ಮಾನದ ಶಾಲು ಎಂಬ ವಸ್ತುವನ್ನು ನೀವು ಎಂದಾದರೂ ಬಿಡಿಸಿ ನೋಡಿದ್ದೀರಾ? ಹೊದ್ದರೆ ಚಳಿ ನಿಲ್ಲದು, ಹಾಸಿದರೆ ಜಾರುತ್ತದೆ, ಒರೆಸಲು ಹೋದರೆ ನೀರನ್ನು ಹೀರದೆ ಅತ್ತಿಂದಿತ್ತ ಓಡಾಡಿಸುತ್ತದೆ. ಕಾಲೇಜಿನಲ್ಲಿ ಇತಿಹಾಸ ಬೋಧಿಸಿ, ನಿವೃತ್ತಿಯ ನಂತರ ಕರೆದಲ್ಲೆಲ್ಲ ಭಾಷಣ ಮಾಡಿದ ತಪ್ಪಿಗೆ ನನ್ನ ಬೀರುವಿನಲ್ಲಿ ಇಂಥವು ರಾಶಿ ಬಿದ್ದಿವೆ. ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಬಂದರೆ ಮಿಕ್ಸಿಗೊಂದು, ಹೊಲಿಗೆ ಯಂತ್ರಕ್ಕೊಂದು ಶಾಲು ಹೊದಿಸಿರುವುದನ್ನು ಕಂಡು, ಇಲ್ಲಿ ಯಂತ್ರಗಳಿಗೂ ಸನ್ಮಾನವಾಗಿದೆಯೆಂದು ನೀವು ಭಾವಿಸಬಹುದು. ನನಗಿಂತ ಹೆಚ್ಚು ದುಡಿದವು ಅವೇ ಎಂಬುದು ನನ್ನ ಹೆಂಡತಿಯ ಖಚಿತ ಅಭಿಪ್ರಾಯ.

ಕಳೆದ ಗಣರಾಜ್ಯೋತ್ಸವದಂದು ಬಡಾವಣೆಯ ಸಂಘದವರು ಹರಿಹರದ ನಾಗರಾಜ ಎಂಬ ನಿವೃತ್ತ ಹವಾಲ್ದಾರರನ್ನು ಕರೆಸಿ ಸನ್ಮಾನಿಸಿದರು. ಅಭಿನಂದನಾ ಭಾಷಣ ನನ್ನದು. ಮೌರ್ಯರ ಪದಾತಿದಳದಿಂದ ಹೊರಟ ನಾನು ಹಿಮಾಲಯ ತಲುಪುವಷ್ಟರಲ್ಲಿ ಮುಂದಿನ ಸಾಲಿನವರು ಉಪ್ಪಿಟ್ಟಿನ ವಾಸನೆಯತ್ತ ತಿರುಗಿಯಾಗಿತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿಗಳ ಭಾರ ಹೊತ್ತ ನಾಗರಾಜ ಮೈಕಿನ ಮುಂದೆ ನೆಟ್ಟಗೆ ನಿಂತು, "ಮರ್ಯಾದಿ ಭಾಳ ಮಾಡೀರಿ, ದೊಡ್ಡ ನಮಸ್ಕಾರ್ರಿ. ಆದ್ರೆ ಸೈನ್ಯ ಬಿಟ್ಟು ಬಂದು ವರ್ಷದ ಮ್ಯಾಲಾತು, ಯಾರತ್ರನಾರ ಒಂದು ಕೆಲ್ಸ ಇದ್ರೆ ಹೇಳ್ರಿ" ಎಂದಷ್ಟೇ ಹೇಳಿ ಕೂತರು. ಅವರಿಗೆ ಅಲ್ಲಿಯವರೆಗೆ ಸಿಕ್ಕಿದ್ದು ಅಪಾರ್ಟ್‌ಮೆಂಟೊಂದರ ಗೇಟಿನ ಕುರ್ಚಿ ಮಾತ್ರವಂತೆ. ಗಡಿ ಕಾದವರಿಗೆ ಕಾರು ಒಳಬಿಡುವ ಕೆಲಸವೇ ಎಂದು ನನ್ನ ರಕ್ತ ಕುದಿಯಿತು. ಭಾಷಣದ ಬಿಸಿ ಇನ್ನೂ ಆರಿರಲಿಲ್ಲವಲ್ಲ, ಎದ್ದು ನಿಂತು ಹದಡಿಯಲ್ಲಿರುವ ನನ್ನ ಎರಡೆಕರೆ ಗದ್ದೆಯ ಉಸ್ತುವಾರಿಯೆಲ್ಲ ಇವರದೇ ಎಂದು ಘೋಷಿಸಿಬಿಟ್ಟೆ.

ಘೋಷಣೆ ನನ್ನದಾದರೂ ಷರತ್ತು ಹೆಂಡತಿಯದು: ಒಂದೇ ಬೆಳೆ, ಕೈಕೊಟ್ಟರೆ ಗದ್ದೆ ಬೇರೆಯವರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ. ಕಾರ್ಖಾನೆಯ ವಸತಿಗೃಹದಲ್ಲಿ ಹುಟ್ಟಿ, ಅಲ್ಲಿಂದ ನೇರ ಸೈನ್ಯ ಸೇರಿದ ನಾಗರಾಜರಿಗೆ ಕೆಸರಿನ ಪರಿಚಯವೇ ಇರಲಿಲ್ಲ. ಆದರೂ ಅವರು, "ಒಂದು ಬೆಳೆ ನೋಡ್ರಿ ಮೇಷ್ಟ್ರೇ. ಆಗ್ಲಿಲ್ಲಂದ್ರೆ ಆ ಗೇಟು ಎಲ್ಲಿಗೂ ಓಡಿಹೋಗಲ್ಲ" ಎಂದರು. ನಕ್ಕರು, ಆದರೆ ಕಣ್ಣು ನಗಲಿಲ್ಲ.

ಗದ್ದೆ ನೋಡಿಕೊಳ್ಳುತ್ತಿದ್ದ ಹಿರಿಯರು ತಮ್ಮ ಮಗಳ ಊರಿಗೆ ಹೋಗುವ ಮುನ್ನ ಸಸಿ ಬೆಳೆಸಿಟ್ಟಿದ್ದರು. ಭದ್ರಾ ನಾಲೆಯ ನೀರಿನಲ್ಲಿ ನಮ್ಮ ಸರದಿ ಮುಗಿಯುವುದರೊಳಗೆ ನಾಟಿಯಾಗಬೇಕು, ತಪ್ಪಿದರೆ ಸಸಿ ಬಲಿತು ಕೆಡುತ್ತದೆ. ನಾಟಿಯ ದಿನ ನಾನು ಹೋಗಿ ನೋಡಿದರೆ ಆಹಾ, ಏನು ಸಿದ್ಧತೆ! ಹಗ್ಗ ಕಟ್ಟಿ ಗುರುತು ಹಾಕಿದ್ದಾರೆ, ಸಸಿಯ ಕಟ್ಟುಗಳು ಸಮಾನ ಅಂತರದಲ್ಲಿ ಕವಾಯತಿಗೆ ನಿಂತಿವೆ, ಹವಾಲ್ದಾರರ ಕೊರಳಲ್ಲಿ ಸೀಟಿ, ಹೆಗಲಲ್ಲಿ ಸಂಘದವರು ಹೊದಿಸಿದ್ದ ಶಾಲು. ಗಂಗವ್ವನ ನಾಟಿ ಗುಂಪಿನ ಹೆಂಗಸರು ಸಾಲಾಗಿ ನಿಂತು ಬಗ್ಗಿ ಎರಡು ಸಾಲು ನೆಟ್ಟು, ರೂಢಿಯಂತೆ ಒಂದು ಹೆಜ್ಜೆ ಹಿಂದಿಟ್ಟಿದ್ದೇ ತಡ, ಸೀಟಿ ಕೂಗಿತು. ಹಿಂದೆ ಸರಿಯುವಂತಿಲ್ಲ, ಏನಿದ್ದರೂ ಮುಂದಕ್ಕೆ ನಡೆಯಬೇಕೆಂದು ಆಜ್ಞೆಯಾಯಿತು. ಇತಿಹಾಸದ ಮೇಷ್ಟ್ರಾದ ನಾನು ಬದುವಿನ ಮೇಲಿಂದ ಶಹಬ್ಬಾಸ್ ಎಂದೆ! ಹೆಂಗಸರು ಮೊದಲು ನಕ್ಕರು, ಸೀಟಿ ಮತ್ತೆ ಕೂಗಿದಾಗ ಸಿಟ್ಟಾದರು, ಕೊನೆಗೆ ಕೈತೊಳೆದು ಬದುವಿಗೆ ಹತ್ತಿ ಎಲೆಅಡಿಕೆ ಬಿಚ್ಚಿದರು. ಗಂಗವ್ವನ ಗುಂಪು ಎಲೆಅಡಿಕೆ ಬಿಚ್ಚಿತೆಂದರೆ ಮುಂದಿನ ಹೆಜ್ಜೆ ಬೇರೆಯವರ ಗದ್ದೆಗೇ ಎಂದು ಪಕ್ಕದವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಮಿಲ್ಟ್ರಿಯಣ್ಣ," ಗಂಗವ್ವ ಎಲೆಗೆ ಸುಣ್ಣ ಸವರುತ್ತಲೇ ಕೇಳಿದಳು, "ಮುಂದಕ್ಕೆ ನಡೆದ್ರೆ ನಾವ್ ನೆಟ್ಟಿದ್ನ ನಾವೇ ತುಳಿಯಂಗಾತಲ್ಲ, ಹೆಂಗೆ ಮಾಡೋಣ ಹೇಳು?"

ಹೆಂಗಸರು ನೆಟ್ಟಿದ್ದ ಎರಡು ಸಾಲನ್ನೊಮ್ಮೆ, ತಮ್ಮ ಬೂಟನ್ನೊಮ್ಮೆ ಹವಾಲ್ದಾರರು ನೋಡಿಕೊಂಡರು. ಸೀಟಿ ತೆಗೆದು ನನ್ನ ಕೈಗಿತ್ತರು. ಬೂಟು ಬಿಚ್ಚಿ, ಪ್ಯಾಂಟು ಮಡಿಚಿ ಕೆಸರಿಗಿಳಿದು, "ತಪ್ಪಾತಕ್ಕ. ತೋರ್ಸು ಬಾ" ಎಂದರು. ಗಂಗವ್ವ ಸಸಿಯ ಕಟ್ಟೊಂದನ್ನು ಅವರ ಕೈಗಿಟ್ಟಳು. ನೂರಾರು ಕವಾಯತು ಮಾಡಿದ ಆ ಮನುಷ್ಯ ಬಗ್ಗಿ, ಸಸಿಯೂರಿ, ಹಿಂದೆ ಹೆಜ್ಜೆಯಿಟ್ಟು ದೊಪ್ಪನೆ ಕುಳಿತೇಬಿಟ್ಟರು. ಗದ್ದೆಯಲ್ಲೆದ್ದ ನಗು ದೂರದ ಆವರಗೆರೆಯ ಊರಿಗೂ ಕೇಳಿಸಿರಬೇಕು. ಆ ನಗೆಯೊಂದಿಗೆ ಹೆಂಗಸರೆಲ್ಲ ಮತ್ತೆ ಕೆಸರಿಗಿಳಿದರು. ಸಸಿಯ ಬುಟ್ಟಿ ಹೊರಲು ಸಿಂಬಿ ಸಾಲದೆ ಬಂದಾಗ ಗಂಗವ್ವ ಹವಾಲ್ದಾರರ ಹೆಗಲ ಮೇಲಿದ್ದ ಸನ್ಮಾನದ ಶಾಲನ್ನೇ ಎಳೆದುಕೊಂಡು ಮುರಿಗೆ ಹಾಕಿ ತಲೆಗಿಟ್ಟುಕೊಂಡಳು. ಹಾಸಿದರೆ ಜಾರುವ ಆ ಶಾಲು ಬುಟ್ಟಿಯ ಭಾರ ಬಿದ್ದೊಡನೆ ಅಲುಗದೆ ಕೂತಿತು! ಹೊತ್ತು ಇಳಿಯುವ ಮೊದಲೇ, ನೀರು ನಿಲ್ಲುವ ಮೊದಲೇ, ಎಲ್ಲರ ಹಿಮ್ಮಡಿಯೂ ಒಟ್ಟಿಗೇ ಹಿಂದಿನ ಬದು ಮುಟ್ಟಿತು. ನಾನು ಸಂತೋಷ ತಡೆಯಲಾರದೆ ಸೀಟಿ ಊದಿದೆ, ಎಲ್ಲರಿಂದಲೂ ಬೈಸಿಕೊಂಡೆ.

ಬೆಳೆ ಚೆನ್ನಾಗಿ ಬಂತು. ಲಾವಣಿಯ ಮಾತನ್ನು ಹೆಂಡತಿ ಮತ್ತೆ ಎತ್ತಲಿಲ್ಲ. ನಾವು ವೇದಿಕೆಯಲ್ಲಿ ಮಾಡಿದ್ದೂ ಗೌರವವೇ, ಸುಳ್ಳಲ್ಲ. ಆದರೆ ನಾಗರಾಜರು ಸೈನ್ಯದಿಂದ ನಿಜವಾಗಿ ಊರ ಕಡೆ ಮರಳಿದ್ದು, ಗಂಗವ್ವ ಅವರ ಕೈಗೆ ಸಸಿಯ ಕಟ್ಟು ಕೊಟ್ಟ ದಿನವೇ ಎಂದು ನನಗನಿಸುತ್ತದೆ.

ಈ ಸ್ವಾತಂತ್ರ್ಯ ದಿನಕ್ಕೆ ಸಂಘದವರು ಮತ್ತೆ ಕರೆದಾಗ, ನಾಟಿ ಇದೆ, ಬರಲಾಗದು ಎಂದು ನಾಗರಾಜರು ಹೇಳಿ ಕಳಿಸಿದರು. ನಾನೇ ಶಾಲು ಹಿಡಿದು ಹದಡಿಗೆ ಹೋದೆ. ಪಕ್ಕದ ಗದ್ದೆಯಲ್ಲಿ ಹರಿಹರದ ಇನ್ನೊಬ್ಬ ನಿವೃತ್ತ ಯೋಧರಿಗೆ ನಮ್ಮ ಹವಾಲ್ದಾರರು ಹಿಂದಕ್ಕೆ ನಡೆಯುವುದನ್ನು ಕಲಿಸುತ್ತಿದ್ದರು! ಮೌರ್ಯರನ್ನು ನೆನೆಯಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಂಗವ್ವ ಶಾಲನ್ನು ಕಿತ್ತುಕೊಂಡು ಸಿಂಬಿ ಸುತ್ತುತ್ತ, "ಮೇಷ್ಟ್ರೇ, ಮನ್ಯಾಗ ಇನ್ನೂ ಅದಾವಂತಲ್ಲ, ನಾಳೆ ತರ್ರಿ" ಎಂದಳು.

ನಮ್ಮ ಮನೆಯ ಮಿಕ್ಸಿ ಈಗ ಬರಿಮೈಯಲ್ಲಿದೆ.