ಎದ್ದು ಹೋದ ಉಪ್ಪು

ಆಸ್ಪತ್ರೆಯ ಲಾಂಡ್ರಿಯಲ್ಲಿ ವರ್ಷಾನುಗಟ್ಟಲೆ ಹೊದಿಕೆ ಮಡಿಚಿದ್ದಕ್ಕೆ ಎಲ್ಲರೂ ಅವಳನ್ನು ಮಡಿಕೆಯಕ್ಕ ಎನ್ನುತ್ತಿದ್ದರು. ಸುಕ್ಕು ಕಂಡರೆ ಅವಳಿಗಾಗದು. ಮುಖದ ಮೇಲಿನದಕ್ಕೆ ಮಾತ್ರ ಮಾಫಿ. ಆ ಕೈಗುಣ ನೋಡಿಯೇ, ಉಪ್ಪುನೀರನ್ನು ಸಿಹಿ ಮಾಡುವ ಯಂತ್ರಗಳ ಕಾರ್ಖಾನೆಯ ಮೇಸ್ತ್ರಿ ಅವಳನ್ನು ಕೆಲಸಕ್ಕೆ ಕರೆದುಕೊಂಡದ್ದು.

ಸುದ್ದಿ ಕೇಳಿ ಅತ್ತೆ ಹುಬ್ಬೇರಿಸಿದರು. "ನೀರು ಸೋಸೋಕೂ ಸಂಬಳ ಕೊಡ್ತಾರೇನೆ? ಈ ಮನೇಲಿ ನಾನು ಪುಕ್ಕಟೆ ಸೋಸ್ತಾ ಬಂದಿದೀನಲ್ಲ."

ಕೆಲಸವೇನೋ ಸುಲಭ. ಎರಡು ಬಗೆಯ ತೆಳು ಹಾಳೆಗಳು. ಒಂದರ ಮೈಯಲ್ಲಿ ಧನ ವಿದ್ಯುದಂಶ, ಇನ್ನೊಂದರಲ್ಲಿ ಋಣ. ನಡುನಡುವೆ ಜಾಲರಿಯಿಟ್ಟು ಧನ, ಋಣ, ಧನ, ಋಣ ಎಂದು ಪೇರಿಸುತ್ತ ಹೋಗಬೇಕು. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಯಮ ಒಂದೇ: ಹಾಳೆ ಒಣಗಬಾರದು, ಒಣಗಿದರೆ ಬಿರುಕು ಬಿಟ್ಟೀತು.

ಅವಳು ಒಬ್ಬಳೇ ಪೇರಿಸಿದ ಮೊದಲ ಯಂತ್ರದಲ್ಲೇ ಲಾಂಡ್ರಿಯ ಅಭ್ಯಾಸ ಕೈಕೊಟ್ಟಿತು. ಹಾಳೆ ನೆನೆಹಾಕಿದ ತೊಟ್ಟಿಯಿಂದ ತೆಗೆದ ಒಂದನ್ನು ತನಗರಿವಿಲ್ಲದೆಯೇ ಕೊಡವಿ, ಒರೆಸಿ, ಕಿಟಕಿಯ ಬಿಸಿಲಿಗೆ ಹರವಿ ಊಟಕ್ಕೆ ಹೋದಳು. ಬಂದು ನೋಡಿದರೆ ಅದು ತರಗೆಲೆಯ ಹಾಗೆ ಸುರುಟಿಕೊಂಡಿತ್ತು. ನೀರಿಗೆ ಅದ್ದಿದಾಗ ಏನೂ ಆಗಿಲ್ಲವೆಂಬಂತೆ ಮೈಬಿಚ್ಚಿತು. ಬಿರುಕು ಕಣ್ಣಿಗೆ ಬೀಳಲಿಲ್ಲ. ಪೇರಿಸಿಬಿಟ್ಟಳು.

ಬೋಲ್ಟು ಬಿಗಿದು ಒಳಗೆ ಉಪ್ಪುನೀರು ಬಿಡುವ ಹೊತ್ತಿಗೆ ಮಾತು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೇಸ್ತ್ರಿಗೆ ಎಲ್ಲ ಹೇಳಿದಳು. ಅವರು ಬೈಯಲಿಲ್ಲ, ಅದೇ ಹೆಚ್ಚು ಹೆದರಿಸಿತು. ಹಾಳೆ ಸೀಳಿದ್ದರೆ ಸಿಹಿನೀರಿನ ಕೊಳವೆಯಲ್ಲೂ ಉಪ್ಪೇ ಬರುತ್ತದೆ, ಆಗ ನೀವು ಲಾಂಡ್ರಿಗೆ ಮರಳಬೇಕಾದೀತು ಎಂದು ಮೆಲ್ಲಗೆ ಹೇಳಿ, ಆ ಕೊಳವೆಯ ಕೆಳಗೆ ಲೋಟ ಹಿಡಿದು ಅವಳ ಕೈಗೆ ಕೊಟ್ಟರು.

ಒಂದು ಗುಟುಕಿಗೇ ಅವಳ ಮುಖ ಇಳಿದುಹೋಯಿತು. "ಉಪ್ಪು, ಮೇಸ್ತ್ರಿ."

"ಇರದೆ ಇನ್ನೇನು? ಕರೆಂಟೇ ಕೊಟ್ಟಿಲ್ಲ ಕಣಮ್ಮ."

ಮೇಸ್ತ್ರಿ ಗುಂಡಿ ತಿರುಗಿಸಿದರು. ಸದ್ದಿಲ್ಲ, ನಡುಕವಿಲ್ಲ, ನೀರಿನ ಬಣ್ಣವೂ ಬದಲಾಗಲಿಲ್ಲ. ಅವಳು ಹಿಡಿಯುತ್ತ ಕುಡಿಯುತ್ತ ಹೋದಳು. ಉಪ್ಪು ಕಣ್ಣೀರಿನಷ್ಟಾಯಿತು, ಆಮೇಲೆ ನೆನಪಿನಷ್ಟು, ಆಮೇಲೆ ಬರೀ ನೀರು. ಪಕ್ಕದ ಕೊಳವೆಗೆ ಬೆರಳೊಡ್ಡಿ ನೆಕ್ಕಿದರೆ ಮುಖ ಹಿಂಡಿಕೊಳ್ಳುವಷ್ಟು ಉಪ್ಪು.

ನೀರು ಬಟ್ಟೆಯಲ್ಲಿ ಸೋಸಿದಂತೆ ಹಾಳೆಯ ಮೂಲಕ ಇಳಿದು ಬರುತ್ತದೆಂದೇ ಅವಳು ತಿಳಿದಿದ್ದಳು. ಹಾಗಲ್ಲವಂತೆ, ಮೇಸ್ತ್ರಿ ಬಿಡಿಸಿ ಹೇಳಿದರು. ನೀರು ಹಾಳೆಗಳ ಸಂದಿಯಲ್ಲಿ ತನ್ನ ಪಾಡಿಗೆ ಹರಿಯುತ್ತದೆ. ಕರೆಂಟು ಎಳೆದಾಗ ಉಪ್ಪು ಎರಡು ಪಾಲಾಗಿ, ಒಂದು ಪಾಲು ಈಚೆಯ ಹಾಳೆ ದಾಟಿ, ಇನ್ನೊಂದು ಆಚೆಯ ಹಾಳೆ ದಾಟಿ ಪಕ್ಕದ ಸಂದಿ ಸೇರಿ ಆ ಇನ್ನೊಂದು ಕೊಳವೆಯಿಂದ ಹೊರಬೀಳುತ್ತದೆ. ಇಷ್ಟು ಕಾಲ ಅವಳು ಕಂಡ ಸೋಸುವಿಕೆಯಲ್ಲೆಲ್ಲ ಕಸ ಕೂತಿರುತ್ತಿತ್ತು, ನೀರು ಎದ್ದು ಬರಬೇಕಿತ್ತು. ಇಲ್ಲಿ ಯಾರೂ ಮುಟ್ಟದೆ ಉಪ್ಪೇ ಎದ್ದು ಹೋಗಿತ್ತು, ಅದೂ ಅವಳು ಹಾಸಿದ ಹಾಳೆಗಳನ್ನು ಹಾದು.

ಹಾಳೆ ಸೀಳಿಲ್ಲ, ನಾಳೆಯಿಂದ ಒರೆಸುವ ಬಟ್ಟೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ಮೇಸ್ತ್ರಿ ನಕ್ಕರು. ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ಒಂದ್ಸಲ ಆರಿಸಿ ಮತ್ತೆ ಹಾಕ್ತೀರಾ? ಅದು ಹೋಗೋದನ್ನ ನೋಡ್ಬೇಕು."

"ಕಣ್ಣಿಗೆ ಕಾಣಲ್ಲಮ್ಮ ಅದು."

"ನಾಲಿಗೆಗೆ ಕಾಣುತ್ತಲ್ಲ," ಎಂದು ಅವಳು ಲೋಟ ಹಿಡಿದಳು.

ಮೇಸ್ತ್ರಿ ತಮಗೂ ಒಂದು ಲೋಟ ತೆಗೆದುಕೊಂಡು ಕರೆಂಟು ಆರಿಸಿದರು.