ಅಕ್ಕನಿಗೆ ಅಳತೆ ಕೊಟ್ಟದ್ದು

ನಮ್ಮಕ್ಕ ಸಾಫ್ಟ್‌ವೇರ್ ಮಾರುತ್ತಾಳೆ. ಅಂಗಡಿಯಲ್ಲಿ ಸಿಗುವ ಸಿದ್ಧ ಸರಕಲ್ಲ. ದರ್ಜಿ ಅಳತೆ ತೆಗೆದು ಹೊಲಿದುಕೊಡುವ ಹಾಗೆ, ಅವರವರ ವ್ಯಾಪಾರಕ್ಕೆ ಸರಿಹೊಂದುವಂತೆ ಮಾಡಿಕೊಡುವಂಥದ್ದು. ಮಾಡುವವರು ಬೇರೆ, ಮಾರುವವಳು ಇವಳು. ಬೈಸಿಕೊಳ್ಳುವವಳೂ ಇವಳೇ. ಗಿರಾಕಿಯ ಮುಂದೆ ಅರಳು ಹುರಿದಂತೆ ಮಾತಾಡುವ ಈ ಹೆಂಗಸು, ಮನೆಯಿಂದ ಹೊರಡುವ ಮುಂಚೆ ಬಚ್ಚಲುಮನೆಯ ಕನ್ನಡಿಗೆ ಇಡೀ ಭಾಷಣ ಒಪ್ಪಿಸುತ್ತಾಳೆಂದರೆ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ, ಯಾಕೆಂದರೆ ಆಗ ಟವೆಲ್ ಹಿಡಿದು ಬಾಗಿಲಾಚೆ ಕಾಯುವವನು ನಾನೇ. ಅವಳ ಮನೆಯ ಮಹಡಿ ಕೋಣೆಯಲ್ಲೇ ನನ್ನ ವಾಸ. ಭಾವನಂತೂ ಕೇಳಿ ಕೇಳಿ, ಆ ಭಾಷಣವನ್ನು ನಿದ್ದೆಯಲ್ಲೂ ಹೇಳಬಲ್ಲರು.

ಈ ವರ್ಷ ಅವಳ ಗ್ರಹಚಾರ ಕೆಟ್ಟಿತ್ತು. "ಯೋಚ್ನೆ ಮಾಡಿ ಹೇಳ್ತೀವಿ" ಅಂದವರೆಲ್ಲ ಫೋನ್ ಎತ್ತುವುದನ್ನೇ ಬಿಟ್ಟರು. ಅವಳ ಮ್ಯಾನೇಜರ್ ಕರೆದು, ಈ ತಿಂಗಳೂ ಒಂದು ಆರ್ಡರ್ ತರದಿದ್ದರೆ ಮುಂದಿನ ತಿಂಗಳಿನಿಂದ ಕೆಲಸಕ್ಕೆ ಬರುವುದೇ ಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳಿದ. ಅವತ್ತಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೂ ಬೆಚ್ಚಿಬೀಳುತ್ತಿದ್ದಳು. ನೋಡಲಾಗದೆ ನಾನೇ ನಮ್ಮ ಕಾರ್ಖಾನೆಯ ಯಜಮಾನರ ಕಿವಿಯ ಮೇಲೆ ಹಾಕಿದೆ: "ಸರ್, ಇಂಥದ್ದೊಂದು ಕಂಪನಿ ಇದೆಯಂತೆ."

ನಾನು ಕೆಲಸಕ್ಕಿರುವುದು ಹಾಸಿಗೆ ತಯಾರಿಸುವ ಕಾರ್ಖಾನೆಯಲ್ಲಿ. ಯಾವ ಅಂಗಡಿಯ ಮಾಲು ಯಾವ ವ್ಯಾನಿಗೆ, ಮೊದಲು ಏನನ್ನು ಒಳಗೆ ತಳ್ಳಬೇಕು, ಬಾಗಿಲ ಹತ್ತಿರ ಏನಿರಬೇಕು, ಎಲ್ಲ ನನ್ನ ತಲೆನೋವು. ಯಜಮಾನರು, "ಬರ್ಲಿ, ಡೆಮೊ ತೋರಿಸ್ಲಿ ನೋಡೋಣ" ಎಂದರು. ಸುದ್ದಿ ಕೇಳಿ ಅಕ್ಕನಿಗೆ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು.

"ಲೋ, ಅಲ್ಲಿ ನಾನು ನಿನ್ನ ಅಕ್ಕ ಅಲ್ಲ, ತಿಳೀತಾ? ಗೊತ್ತಾದ್ರೆ ಮನೆಮಂದಿ ಸೇರ್ಕೊಂಡು ಟೋಪಿ ಹಾಕ್ತಿದಾರೆ ಅಂದ್ಕೋತಾರೆ."

"ಆಯ್ತು ಮೇಡಂ."

"ಹಲ್ಲು ಕಿರೀಬೇಡ. ಬಾ, ಕೂತ್ಕೋ. ಬೆಳಗ್ಗೆ ಹೋದ ತಕ್ಷಣ ಏನ್ಮಾಡ್ತೀಯ, ಒಂದೊಂದೇ ಹೇಳು."

ಇದು ಅವರ ಕಸುಬಿನ ರೀತಿ. ಡೆಮೊಗೆ ಮುಂಚೆ, ಆ ಕೆಲಸ ಮಾಡುವವನ ಪಕ್ಕ ಕೂತು ಅವನು ಮಾಡುವುದನ್ನೆಲ್ಲ ಕೇಳಿಕೊಳ್ಳಬೇಕು. ಬೇರೆ ಕಡೆ ಯಾರೂ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಈಕೆ ಯಾಕೆ ಕೇಳುತ್ತಿದ್ದಾಳೆಂದು ಅವರಿಗೆ ಚೆನ್ನಾಗಿ ಗೊತ್ತು. ನಾನೋ, ಅಕ್ಕ ತಾನೇ ಎಂದುಕೊಂಡು ಅಡುಗೆಮನೆಯ ಮೇಜಿನ ಮುಂದೆ ಎಲ್ಲವನ್ನೂ ಬಡಬಡ ಹೇಳಿದೆ. ದೊಡ್ಡ ವ್ಯಾನ್ ನುಗ್ಗಲಾಗದ ಓಣಿಯ ಅಂಗಡಿಗಳು, ಮಧ್ಯಾಹ್ನ ಬಾಗಿಲೆಳೆದುಕೊಳ್ಳುವ ಅಂಗಡಿಗಳು, ನಮ್ಮ ಮುಂಗೋಪಿ ಡ್ರೈವರನ್ನು ಯಾವ ಕಡೆ ಕಳಿಸಬಾರದು ಎಂಬುದನ್ನೂ ಬಿಡಲಿಲ್ಲ. ನನ್ನ ಕೆಲಸದ ಬಗ್ಗೆ ಯಾರೂ ಅಷ್ಟು ಆಸೆಯಿಂದ ಕೇಳಿರಲಿಲ್ಲ. ಉಬ್ಬಿಹೋದೆ.

ಡೆಮೊ ದಿನ ಯಜಮಾನರ ಕೋಣೆಯಲ್ಲಿ ನಾವು ಮೂವರೇ. ಗೋಡೆಗೆ ಒರಗಿಸಿದ ಹಾಸಿಗೆ ಮಾದರಿಗಳ ನಡುವೆ ಪರದೆ. ಗಾಬರಿಯಲ್ಲಿ ಅಕ್ಕನ ಕೈಯಲ್ಲಿ ಲ್ಯಾಪ್‌ಟಾಪಿಗೆ ವೈರ್ ಸಿಕ್ಕಿಸಲು ಆಗಲಿಲ್ಲ. ನಾನೇ ಹೋಗಿ ಸಿಕ್ಕಿಸಿದೆ. "ಥ್ಯಾಂಕ್ಸ್ ಸರ್" ಎಂದಳು. ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ಪರದೆಯ ಮೇಲೆ ಆರ್ಡರುಗಳು ತಾವಾಗಿಯೇ ವ್ಯಾನುಗಳಿಗೆ ಹಂಚಿಕೆಯಾದವು. ಓಣಿಯ ಅಂಗಡಿಗೆ ಚಿಕ್ಕ ವ್ಯಾನ್ ಹೋಯಿತು. ಮುಂಗೋಪಿಗೆ ಹೆದ್ದಾರಿ ಸಿಕ್ಕಿತು. ಒಂದೂ ತಪ್ಪಿರಲಿಲ್ಲ. ನಾನು ಮಾಡುವುದನ್ನೆಲ್ಲ ಅದು ನಾನಿಲ್ಲದೆಯೇ ಮಾಡುತ್ತಿತ್ತು. ಅಕ್ಕನಿಗೂ ಇದು ಹೊಳೆದದ್ದು ಆಗಲೇ ಇರಬೇಕು. ಅಲ್ಲಿಯವರೆಗೆ ಆರ್ಡರಿನ ಚಿಂತೆ ಬಿಟ್ಟರೆ ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ. ಮಾತು ತಡವರಿಸಿತು.

"ಚೆನ್ನಾಗಿದೆ ಮೇಡಂ," ಎಂದರು ಯಜಮಾನರು. ನನ್ನ ಕಡೆ ಗದ್ದ ಎತ್ತಿ ತೋರಿಸಿ, "ಇದು ಬಂದ್ಮೇಲೆ ಇವರಿಗೇನು ಕೆಲ್ಸ?" ಎಂದು ಕೇಳಿದರು.

ಇದು ಎಲ್ಲ ಯಜಮಾನರೂ ಕೇಳುವ ಪ್ರಶ್ನೆ. ಮಾರುವವರ ಹತ್ತಿರ ಸಿದ್ಧ ಉತ್ತರವಿರುತ್ತದೆ: ಅವರನ್ನು ಇನ್ನೂ ಒಳ್ಳೆಯ ಕೆಲಸಕ್ಕೆ ಹಾಕಿಕೊಳ್ಳಬಹುದು. ಆ ಒಳ್ಳೆಯ ಕೆಲಸ ಯಾವುದೆಂದು ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ಕೆಲವು ತಿಂಗಳಲ್ಲಿ ಆ ಮನುಷ್ಯ ಅಲ್ಲಿರುವುದಿಲ್ಲ, ಅಷ್ಟೇ.

ಅಕ್ಕ ಆಗಲೇ ತೋರಿಸಿ ಮುಗಿಸಿದ್ದ ಪುಟವನ್ನೇ ಪರದೆಯ ಮೇಲೆ ಮತ್ತೆ ತೆರೆದಳು. ಯಜಮಾನರ ಹುಬ್ಬು ಮೇಲೇರಿತು. ಇನ್ನೊಂದು ಗಳಿಗೆ ಹೀಗೇ ಕೂತರೆ ಆರ್ಡರೂ ಹೋಯಿತು, ಅವಳ ಕೆಲಸವೂ ಹೋಯಿತು ಅನ್ನಿಸಿತು ನನಗೆ.

"ನನ್ನನ್ನ ಇನ್ನೂ ಒಳ್ಳೆ ಕೆಲ್ಸಕ್ಕೆ ಹಾಕ್ಕೋಬಹುದಲ್ಲ ಸರ್," ಎಂದೆ.

"ಅದೂ ಸರೀನೇ," ಎಂದು ಯಜಮಾನರು ನಕ್ಕು, ಅಲ್ಲೇ ಒಪ್ಪಿಗೆ ಕೊಟ್ಟರು.

ಮೆಟ್ಟಿಲಿಳಿಯುವಾಗ ಅಕ್ಕ ನನ್ನ ತೋಳು ಹಿಡಿದು ಜಗ್ಗಿದಳು. "ಯಾಕೋ ಮಧ್ಯೆ ಬಾಯಿ ಹಾಕ್ದೆ? ಇವರಿಲ್ದೆ ಇದು ನಡೆಯಲ್ಲ ಸರ್ ಅಂತ ನಾನೇ ಹೇಳೋಳಿದ್ದೆ."

"ಹೌದಾ?"

"ಹೌದೋ!"

ಹೇಳುತ್ತಿದ್ದಳೋ ಇಲ್ಲವೋ. ನನ್ನ ಮುಖವನ್ನಂತೂ ನೋಡಲಿಲ್ಲ. ಅವಳ ಮೇಲೆ ನನಗೆ ಕೋಪವಿಲ್ಲ. ನಾನು ಬಾಯಿ ಹಾಕಿದ್ದು ಅವಳನ್ನು ಉಳಿಸಲೋ, ಅವಳ ಬಾಯಿಂದ ಆ ಸಿದ್ಧ ಉತ್ತರ ಕೇಳಲು ಹೆದರಿಯೋ, ನನಗೇ ತಿಳಿಯದು.

ಅವತ್ತು ಅಡುಗೆಮನೆಯಲ್ಲಿ ಎಲ್ಲವನ್ನೂ ಹೇಳಿದೆ ಅಂದುಕೊಂಡಿದ್ದೆ, ಅದು ಡೆಮೊಗೆ ಸಾಲುವಷ್ಟು ಮಾತ್ರವಂತೆ. ಪೂರ್ತಿ ಸಾಫ್ಟ್‌ವೇರ್ ತಯಾರಾಗಬೇಕಾದರೆ ಇನ್ನು ಅವಳು ಕಾರ್ಖಾನೆಗೇ ಬಂದು ನನ್ನ ಮೇಜಿನ ಪಕ್ಕ ಕೂರಬೇಕು, ಉಳಿದದ್ದನ್ನೆಲ್ಲ ನಾನು ಹೇಳಿಕೊಡಬೇಕು. "ಸೋಮವಾರ ಎಷ್ಟೊತ್ತಿಗೆ ಬರ್ಲೋ?" ಎಂದು ನಿನ್ನೆ ಮೆಲ್ಲಗೆ ಕೇಳಿದಳು.

"ಬೇಗ್ನೆ ಬಾ," ಎಂದೆ. "ಹೇಳ್ಕೊಡೋದು ತುಂಬಾ ಇದೆ."